ಪ್ಲೇನ್ಸ್‌ಬರೋದಲ್ಲಿ ಛಾವಣಿ ಆಂಟೆನಾ: ನ್ಯೂಯಾರ್ಕ್, ಫಿಲಡೆಲ್ಫಿಯಾ ಎರಡೂ ಬರಬೇಕು ಅಂದ್ರೆ ಹೇಗೆ?

ಕೇಬಲ್‌ಬೇಡ:

ನ್ಯೂಜೆರ್ಸಿಯ ಪ್ಲೇನ್ಸ್‌ಬರೋ. ಎರಡಂತಸ್ತಿನ ಸ್ವಂತ ಮನೆ, ಛಾವಣಿಯ ನೆತ್ತಿ ನೆಲದಿಂದ 28 ಅಡಿ. ಈಶಾನ್ಯಕ್ಕೆ ಪಕ್ಕದವರ ಓಕ್ ಮರಗಳು, ನೈಋತ್ಯಕ್ಕೆ ಬಯಲು. ಕೇಬಲ್ ತೆಗೆಸಿ ಆಂಟೆನಾ ಹಾಕೋಣ ಅಂತ. ಮನೆಯಲ್ಲಿ ಒಬ್ಬರು ನ್ಯೂಯಾರ್ಕಿನ ಫುಟ್‌ಬಾಲ್ ತಂಡ ಜೈಂಟ್ಸ್ ಕಡೆ, ಇನ್ನೊಬ್ಬರು ಫಿಲಡೆಲ್ಫಿಯಾದ ಈಗಲ್ಸ್ ಕಡೆ, ಹಾಗಾಗಿ ಎರಡೂ ಊರಿನ ಚಾನೆಲ್ ಎಚ್‌ಡಿಯಲ್ಲಿ ಬೇಕು. ಟಿವಿ ನಾಲ್ಕಿವೆ.

ಮೂರು ಅನುಮಾನ. ಡಬ್ಬದ ಮೇಲೆ ‘200 ಮೈಲಿ’ ಅಂತ ಬರೆದು, ಒಳಗೇ ಮೋಟಾರ್ ಇಟ್ಟು ಮಾರುವ ಆಂಟೆನಾ ಸಾಕಾ? ಬೇಡ ಅಂದ್ರೆ, ಎರಡು ಆಂಟೆನಾ ಹಾಕಿ ಸ್ಪ್ಲಿಟರ್ (ಒಂದು ಕೇಬಲ್ಲನ್ನ ಹಲವಾಗಿ ಕವಲೊಡೆಸೋ ಡಬ್ಬಿ) ಉಲ್ಟಾ ತಿರುಗಿಸಿ ಒಂದೇ ಕೇಬಲ್‌ಗೆ ಸೇರಿಸಬಹುದಾ? ಇನ್ನು ನಮ್ಮ ಎಚ್‌ಒಎಯವರು (ಬಡಾವಣೆಯ ಮನೆಮಾಲೀಕರ ಸಂಘ) ಛಾವಣಿ ಮೇಲೆ ಏನೂ ಕಾಣಬಾರದು ಅಂತಾರೆ, ಅದಕ್ಕೇನು ಮಾಡೋದು?

ಯಾಗಿಪ್ರಿಯ:

‘200 ಮೈಲಿ’ ಅನ್ನೋದು ಬರೀ ಡಬ್ಬದ ಮೇಲಿನ ಬರಹ. ಅಡಿಯಲ್ಲಿ ಎತ್ತರ ತಗೊಂಡು, ಅದರ ಎರಡರಷ್ಟರ ವರ್ಗಮೂಲ ತೆಗೆದರೆ ರೇಡಿಯೋ ದಿಗಂತ ಮೈಲಿಯಲ್ಲಿ ಸಿಗುತ್ತೆ. ಛಾವಣಿಯ ಜೊತೆ ಆಂಟೆನಾ ಕಂಬ (ಮಾಸ್ಟ್) ಸೇರಿ ನಿಮ್ಮ ಸುಮಾರು 30 ಅಡಿಗೆ 7.7 ಮೈಲಿ, 1,500 ಅಡಿ ಎತ್ತರದ ಟವರಿಗೆ 55 ಮೈಲಿ, ಒಟ್ಟು 62 ಚಿಲ್ಲರೆ. ಅದರಾಚೆಗೆ ಯಾವ ಆಂಟೆನಾ ಹಾಕಿದರೂ ಹವಾಮಾನ ನೋಡಿಕೊಂಡು ಬಂದರೆ ಬಂತು. ನಿಮಗೆ ನ್ಯೂಯಾರ್ಕ್ 40ರಿಂದ 43 ಮೈಲಿ, ಫಿಲಡೆಲ್ಫಿಯಾದ ರಾಕ್ಸ್‌ಬರೋ ಟವರುಗಳು ಸುಮಾರು 39 ಮೈಲಿ. ಭೂಮಿಯ ಉಬ್ಬು ನಿಮಗೆ ತೊಂದರೆ ಕೊಡಲ್ಲ, ಆ ಓಕ್ ಮರ ಕೊಡುತ್ತೆ. ಮಾಸ್ಟನ್ನು ಮರದ ಸಾಲು ಅಡ್ಡ ಬರದ ಮೂಲೆಗೆ ಸರಿಸಿ. ಎಲೆಯಿಲ್ಲದ ಜನವರಿಯಲ್ಲಿ ನೋಡಿ ಜಾಗ ಗೊತ್ತುಮಾಡಿದರೆ ಮೇ ತಿಂಗಳಲ್ಲಿ ಯುಎಚ್‌ಎಫ್ (ಮೇಲಿನ ತರಂಗಪಟ್ಟಿಯ) ಚಾನೆಲ್‌ಗಳು ಕೈಕೊಡ್ತವೆ. ಒದ್ದೆ ಎಲೆ ಆದರೆ ಇನ್ನೂ ಕಷ್ಟ.

ಮೊದಲು ರ‍್ಯಾಬಿಟ್‌ಇಯರ್ಸ್ ತಾಣದಲ್ಲಿ ವಿಳಾಸ, ಎತ್ತರ ಹಾಕಿ ಯಾವ ಚಾನೆಲ್ ಎಷ್ಟು ಬರುತ್ತೆ ಅನ್ನೋ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಟಿವಿಯಲ್ಲಿ ಕಾಣೋ ನಂಬರನ್ನಲ್ಲ, ಪ್ರಸಾರ ನಿಜವಾಗಿ ಆಗೋ ಆರ್‌ಎಫ್ ಚಾನೆಲ್ ನೋಡಬೇಕು. ನಿಮ್ಮ ಕಡೆ ಇದು ಚೆನ್ನಾಗಿ ಗೊಂದಲ ಎಬ್ಬಿಸುತ್ತೆ: ನ್ಯೂಯಾರ್ಕಿನ ಡಬ್ಲ್ಯುಎನ್‌ಇಟಿ ಟಿವಿಯಲ್ಲಿ 13 ಅಂತ ತೋರಿಸುತ್ತೆ, ಪ್ರಸಾರ ಆಗೋದು 12ರಲ್ಲಿ. ಫಿಲಡೆಲ್ಫಿಯಾದ ಡಬ್ಲ್ಯುಎಚ್‌ವೈವೈ 12 ಅಂತ ತೋರಿಸುತ್ತೆ, ಪ್ರಸಾರ 13ರಲ್ಲಿ!

ಜನ ಸೋಲೋದು ವಿಎಚ್‌ಎಫ್‌ನಲ್ಲಿ (ಕೆಳಗಿನ ತರಂಗಪಟ್ಟಿ, ಚಾನೆಲ್ 2ರಿಂದ 13). ಅಂಗಡಿಯಲ್ಲಿ ‘ಎಚ್‌ಡಿ ಆಂಟೆನಾ’ ಅಂತ ಮಾರೋದು ಬಹುಪಾಲು ಯುಎಚ್‌ಎಫ್‌ಗೆ (14ರಿಂದ 36) ಅಳೆದು ಮಾಡಿದ್ದು. ನ್ಯೂಯಾರ್ಕಿನಲ್ಲಿ ಡಬ್ಲ್ಯುಎಬಿಸಿ 7ರಲ್ಲಿ, ಡಬ್ಲ್ಯುಪಿಐಎಕ್ಸ್ 11ರಲ್ಲಿ, ಡಬ್ಲ್ಯುಎನ್‌ಇಟಿ 12ರಲ್ಲಿ. ಇವಕ್ಕೆ ಸುಮಾರು ಎರಡೂವರೆ ಅಡಿ ಉದ್ದದ ಕಡ್ಡಿಗಳಿರೋ ಆಂಟೆನಾ ಬೇಕು. ಫಿಲಡೆಲ್ಫಿಯಾದ ಡಬ್ಲ್ಯುಪಿವಿಐ ಇನ್ನೂ ಕೆಳಗೆ, 6ರಲ್ಲಿ. ಅದಕ್ಕೆ ಕಡ್ಡಿ ಆರಡಿ ಹತ್ತಿರ ಹೋಗುತ್ತೆ. ಅದು ಎಬಿಸಿ ಜಾಲದ ಚಾನೆಲ್ಲೇ, ಎಬಿಸಿ ನಿಮಗೆ ನ್ಯೂಯಾರ್ಕಿನ 7ರಲ್ಲೂ ಬರುತ್ತೆ. ಫಿಲಡೆಲ್ಫಿಯಾ ಲೋಕಲ್ ಸುದ್ದಿ ಬೇಕೇ ಬೇಕು ಅನ್ನದಿದ್ದರೆ 6ನ್ನು ಬಿಟ್ಟುಬಿಡಿ, ಆಂಟೆನಾ ಅರ್ಧಕ್ಕೆ ಇಳಿಯುತ್ತೆ.

ಸ್ಪ್ಲಿಟರ್ ಉಲ್ಟಾ ಹಾಕಿ ಸೇರಿಸೋದು ಬೇಡ. ಎರಡೂ ಕಡೆ 3.5 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ಕಳ್ಕೋತೀರಿ. ಅದು ಹೋಗಲಿ ಅಂದರೂ, ಒಂದೇ ಚಾನೆಲ್ ಒಂದು ಆಂಟೆನಾದ ಮುಂಭಾಗದಿಂದಲೂ ಇನ್ನೊಂದರ ಹಿಂಭಾಗದಿಂದಲೂ ಹೊಕ್ಕು, ಸ್ವಲ್ಪ ಹಿಂದುಮುಂದಾಗಿ ಒಂದೇ ತಂತಿಗೆ ಬೀಳುತ್ತೆ. ಬಲ ಸಾಕಷ್ಟಿದ್ದರೂ ಚಿತ್ರ ಚೌಕಚೌಕವಾಗಿ ಒಡೆಯೋದು ಇದಕ್ಕೇ. ಎರಡು ಆಂಟೆನಾ, ಎರಡು ಪ್ರತ್ಯೇಕ ಕೇಬಲ್ ಇಟ್ಟುಕೊಳ್ಳಿ. ಒಂದು ಊರಿನ ಕೇಬಲ್ಲನ್ನಾದರೂ ಎಚ್‌ಡಿಹೋಮ್‌ರನ್ ಥರದ ನೆಟ್‌ವರ್ಕ್ ಟ್ಯೂನರಿಗೆ ಕೊಟ್ಟರೆ ಮನೆಯ ವೈಫೈ ಮೇಲೆ, ಅದರ ಆ್ಯಪ್ ಹಾಕೋಕಾಗೋ ಎಲ್ಲ ಟಿವಿಗೂ ಹೋಗುತ್ತೆ.

ಮೋಟಾರ್ ಬಗ್ಗೆ: ಒಬ್ಬರು ನ್ಯೂಯಾರ್ಕ್ ನೋಡ್ತಿದ್ದಾಗ ಇನ್ನೊಬ್ಬರು ಆಂಟೆನಾ ತಿರುಗಿಸಿದರೆ? ನಾಲ್ಕು ಟಿವಿ ಇರೋ ಮನೆಗೆ ಅದು ಜಗಳದ ಯಂತ್ರ.

ಗ್ರೌಂಡ್‌ರಾಡ್:

ಎಚ್‌ಒಎ ವಿಷಯ ನಾನು ಹೇಳ್ತೀನಿ. ಎಫ್‌ಸಿಸಿಯ (ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ) ‘ಒಟಾರ್ಡ್’ ನಿಯಮ 1996ರಿಂದ ಇದೆ. ನಿಮ್ಮದೇ ಹತೋಟಿಯಲ್ಲಿರೋ ಜಾಗದಲ್ಲಿ ಟಿವಿ ಆಂಟೆನಾ ಹಾಕೋದನ್ನ ಎಚ್‌ಒಎ ತಡೆಯೋ ಹಾಗಿಲ್ಲ. ವಿನಾಕಾರಣ ತಡ ಮಾಡೋ ಹಾಗೂ ಇಲ್ಲ, ಖರ್ಚು ಹೇರೋ ಹಾಗೂ ಇಲ್ಲ. ಸಿಗ್ನಲ್ ಕೆಡದಿದ್ದರೆ ‘ಹಿಂಬದಿಗೆ ಹಾಕಿ’ ಅಂತ ಕೇಳಬಹುದು, ಅಷ್ಟೇ. ಮಾಸ್ಟ್ ಛಾವಣಿಗಿಂತ 12 ಅಡಿ ಮೇಲೆ ಹೋದರೆ ಪರ್ಮಿಟ್ ಕೇಳೋ ಹಕ್ಕು ಅವರಿಗಿದೆ, ಹಾಗಾಗಿ 5 ಅಡಿಯಲ್ಲೇ ಮುಗಿಸಿ. ಇದನ್ನ ಓದೋ ಕಾಂಡೋದವರಿಗೆ: ಎಲ್ಲರಿಗೂ ಸೇರಿದ ಛಾವಣಿಗೆ ಈ ರಕ್ಷಣೆ ಇಲ್ಲ, ನಿಮ್ಮ ಬಾಲ್ಕನಿಗೆ ಇದೆ.

ಗ್ರೌಂಡಿಂಗ್ ಬಗ್ಗೆ ಮೇಲೆ ಯಾರೂ ಬರೆದಿಲ್ಲ. ಮಾಸ್ಟಿನಿಂದ 10 ಗೇಜಿನ ತಾಮ್ರದ ತಂತಿ ಆದಷ್ಟು ನೇರವಾಗಿ ಕೆಳಗಿಳಿಯಬೇಕು. ಕೇಬಲ್ ಮನೆಯೊಳಗೆ ಹೋಗೋ ಜಾಗದಲ್ಲಿ ಗ್ರೌಂಡ್ ಬ್ಲಾಕ್ ಇರಬೇಕು. ಎರಡೂ ಕರೆಂಟಿನ ಮುಖ್ಯ ಗ್ರೌಂಡಿಗೇ ಸೇರಬೇಕು. ಸಾಮಾನ್ಯವಾಗಿ ಎಡವೋದು ಇಲ್ಲಿ: ಆಂಟೆನಾ ಪಕ್ಕ ಹೊಸದಾಗಿ 8 ಅಡಿ ರಾಡ್ ಹೊಡೆದು ಕೈ ತೊಳ್ಕೋತಾರೆ. ಆ ರಾಡ್ ಮನೆಯ ಗ್ರೌಂಡಿಗೆ 6 ಗೇಜ್ ತಾಮ್ರದಲ್ಲಿ ಕೂಡದಿದ್ದರೆ, ಹತ್ತಿರ ಸಿಡಿಲು ಬಿದ್ದಾಗ ಎರಡು ಗ್ರೌಂಡ್‌ಗಳ ನಡುವಿನ ವೋಲ್ಟೇಜ್ ಹರಿಯೋದು ನಿಮ್ಮ ಟಿವಿಯ ಮೂಲಕ. ನೇರ ಸಿಡಿಲು ಬಡಿದರೆ ಯಾವುದೂ ಕಾಯಲ್ಲ, ಅದು ಬೇರೆ ಮಾತು.

ಹೊರಗಿನ ತುದಿಗಳಿಗೆ ತಿರುಗಿಸಿ ಹಾಕೋ ಕನೆಕ್ಟರ್ ಬೇಡ, ಕಂಪ್ರೆಷನ್ ಕನೆಕ್ಟರ್ ಹಾಕಿ. ಒಳಹೋಗೋ ಮುಂಚೆ ಕೇಬಲ್ಲನ್ನ ಒಂದು ಬಳುಕು ಕೆಳಗೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಮಳೆ ಬಂದಾಗ ಹೋಗಿ ಎರಡು ದಿನ ಬಿಟ್ಟು ತಾನೇ ವಾಪಸ್ ಬರೋ ಚಾನೆಲ್ ಇದ್ದರೆ ಕನೆಕ್ಟರೊಳಗೆ ನೀರು ಹೋಗಿದೆ ಅಂತಲೇ ತಿಳ್ಕೊಳ್ಳಿ.

ಕೇಬಲ್‌ಬೇಡ:

ಇಬ್ಬರಿಗೂ ಥ್ಯಾಂಕ್ಸ್. ಸರಿ, 6 ಬಿಟ್ಟೆ. ನ್ಯೂಯಾರ್ಕ್ ಆಂಟೆನಾದಿಂದ ನಾಲ್ಕೂ ಟಿವಿಗೆ ನೇರ ಕೇಬಲ್ (ಎರಡು ಹಳೇ ಟಿವಿಗಳಲ್ಲಿ ಆ್ಯಪ್ ಹಾಕೋಕಾಗಲ್ಲ), ಫಿಲಡೆಲ್ಫಿಯಾ ಟ್ಯೂನರ್ ಡಬ್ಬಕ್ಕೆ. ನ್ಯೂಯಾರ್ಕ್ ಕಡೆ ಕೇಬಲ್ ಒಟ್ಟು 60 ಅಡಿ, ಆಮೇಲೆ ನಾಲ್ಕು ದಾರಿಯ ಸ್ಪ್ಲಿಟರ್. 30 ಡಿಬಿ ಆಂಪ್ಲಿಫೈಯರ್ ತಗೊಳ್ಳಲಾ, 20 ಸಾಕಾ? ದಿಕ್ಕು ಫೋನಿನ ಕಂಪಾಸಲ್ಲಿ ನೋಡಿದರೆ ಸಾಕಲ್ವಾ?

ಡೆಸಿಬೆಲ್‌ಲೆಕ್ಕ:

20 ಸಾಕು. ಲೆಕ್ಕ ನೋಡಿ. ಆರ್‌ಜಿ-6 ಕೇಬಲ್ ಯುಎಚ್‌ಎಫ್‌ನಲ್ಲಿ 100 ಅಡಿಗೆ ಸುಮಾರು 5 ಡಿಬಿ ತಿನ್ನುತ್ತೆ, ನಿಮ್ಮ 60 ಅಡಿಗೆ 3. ಸ್ಪ್ಲಿಟರ್ 7.5. ಟಿವಿ ಟ್ಯೂನರಿನ ಸ್ವಂತ ಗದ್ದಲ 6.5 ಅಂತ ಇಟ್ಕೊಳ್ಳಿ. ಆಂಪ್ಲಿಫೈಯರ್ ಇಲ್ಲದೆ ಆಂಟೆನಾದ ಬುಡದಲ್ಲಿ ನಿಮ್ಮ ಒಟ್ಟು ನಾಯ್ಸ್ ಫಿಗರ್ (ಗದ್ದಲದ ಲೆಕ್ಕ, ಕಡಿಮೆಯಿದ್ದಷ್ಟೂ ಒಳ್ಳೇದು) 17 ಡಿಬಿ. 2 ಡಿಬಿ ನಾಯ್ಸ್ ಫಿಗರಿನ, 20 ಡಿಬಿ ಗೇನಿನ (ಅಷ್ಟು ಹಿಗ್ಗಿಸೋ) ಪ್ರೀಆಂಪ್ ಅನ್ನೋ ಆಂಪ್ಲಿಫೈಯರನ್ನ ಮಾಸ್ಟಿಗೇ ಕಟ್ಟಿದರೆ ಅದು 3.2ಕ್ಕೆ ಇಳಿಯುತ್ತೆ. 14 ಡಿಬಿ ಲಾಭ! ಗೇನನ್ನ 30ಕ್ಕೆ ಏರಿಸಿದರೆ 2.1, ಅಂದ್ರೆ ಒಂದೇ ಒಂದು ಡಿಬಿ ಹೆಚ್ಚು. ಆ ಒಂದು ಡಿಬಿಗೋಸ್ಕರ ಹತ್ತಿರದ ಮೊಬೈಲ್ ಟವರ್ ಪ್ರೀಆಂಪನ್ನ ಉಸಿರುಗಟ್ಟಿಸೋ ಹಾಗೆ ಮಾಡ್ಕೋತೀರಿ. ಅದೇ ಆಂಪ್ಲಿಫೈಯರನ್ನ ಟಿವಿ ಹಿಂದೆ ಇಟ್ಟರೆ ಲಾಭ ಹೆಚ್ಚೇನಿಲ್ಲ, ದಾರಿಯಲ್ಲಿ ಕಳೆದುಹೋದದ್ದನ್ನ ಅದು ತಂದುಕೊಡಲ್ಲ.

ಪ್ರೀಆಂಪಿಗೆ ಕರೆಂಟ್ ಹೋಗೋದು ಅದೇ ಕೇಬಲ್ಲಿನಲ್ಲಿ. ಪವರ್ ಇನ್ಸರ್ಟರನ್ನ ಸ್ಪ್ಲಿಟರಿಗಿಂತ ಮೊದಲೇ, ಆಂಟೆನಾ ಕಡೆ ಹಾಕಿ. ಸ್ಪ್ಲಿಟರ್ ಆದಮೇಲೆ ಹಾಕಿದರೆ ಬಹಳಷ್ಟು ಸ್ಪ್ಲಿಟರುಗಳು ಡಿಸಿಯನ್ನ ತಡೆದುಬಿಡ್ತವೆ. ಕರೆಂಟಿಲ್ಲದ ಪ್ರೀಆಂಪ್ ಒಂದು ತಡೆಗೋಡೆ: ಮುಂಚೆ ಬರ್ತಿದ್ದ ಚಾನೆಲ್ಲೂ ಹೋಗುತ್ತೆ, ನೀವು ಆಂಟೆನಾನ ಬೈತೀರಿ.

ಮೊಬೈಲ್ ಸಿಗ್ನಲ್ ತಡೆಯೋ ಎಲ್‌ಟಿಇ ಫಿಲ್ಟರ್ ಕೊಳ್ಳೋದಾದರೆ 608 ಮೆಗಾಹರ್ಟ್ಸ್ ಮೇಲೆ ಕತ್ತರಿಸೋದು ಕೇಳಿ. ಟಿವಿ ಚಾನೆಲ್ 36 ಮುಗಿಯೋದು 608ಕ್ಕೆ, ಮೊಬೈಲ್ ಸಿಗ್ನಲ್ 617ಕ್ಕೇ ಶುರು. 698ರಲ್ಲಿ ಕತ್ತರಿಸೋ ಹಳೇ ಫಿಲ್ಟರ್ ಇನ್ನೂ ಮಾರಾಟಕ್ಕಿದೆ, ಈಗ ಅದರಿಂದ ಪ್ರಯೋಜನ ಕಡಿಮೆ. ಪ್ರೀಆಂಪಿನಲ್ಲಿ ಎಫ್‌ಎಂ ರೇಡಿಯೋ ತಡೆಯೋ ಎಫ್‌ಎಂ ಟ್ರ್ಯಾಪ್ ಆನ್ ಇರಲಿ. (ಮುಂದೆ ಯಾವತ್ತಾದರೂ 6 ಬೇಕು ಅನ್ನಿಸಿದರೆ ಅದನ್ನ ಆಫ್ ಮಾಡಬೇಕು. ಚಾನೆಲ್ 6 ಇರೋದು 82ರಿಂದ 88ರಲ್ಲಿ, ಎಫ್‌ಎಂ ಅಲ್ಲಿಂದಲೇ ಶುರು, ಟ್ರ್ಯಾಪ್ ಎರಡನ್ನೂ ಒಟ್ಟಿಗೇ ನುಂಗುತ್ತೆ.)

ಕಂಪಾಸ್ ವಿಷಯ. ನಿಮ್ಮಲ್ಲಿ ನ್ಯೂಯಾರ್ಕ್ ನಿಜ ಉತ್ತರದಿಂದ 49 ಡಿಗ್ರಿ, ರಾಕ್ಸ್‌ಬರೋ 239. ನ್ಯೂಜೆರ್ಸಿಯಲ್ಲಿ ಕಾಂತ ಉತ್ತರ ಸುಮಾರು 12 ಡಿಗ್ರಿ ಪಶ್ಚಿಮಕ್ಕೆ ವಾಲಿದೆ, ಹಾಗಾಗಿ ಕಾಂತದ ಮುಳ್ಳಿನಲ್ಲಿ 61 ಮತ್ತು 251 ಬರಬೇಕು. ಫೋನ್ ‘ಟ್ರೂ ನಾರ್ತ್’ ತೋರಿಸ್ತಿದೆಯಾ ಅಂತ ಸೆಟ್ಟಿಂಗ್ಸ್ ನೋಡಿ, ಉಕ್ಕಿನ ಮಾಸ್ಟಿನ ಪಕ್ಕ ನಿಂತು ಮಾತ್ರ ಅಳೀಬೇಡಿ. ಸ್ಯಾಟಲೈಟ್ ಮ್ಯಾಪಲ್ಲಿ ಮನೆಯಿಂದ ಟವರಿಗೆ ಗೆರೆ ಎಳೆದು, ಆ ಗೆರೆಯಲ್ಲಿ ಬರೋ ಪಕ್ಕದ ಬೀದಿಯ ಛಾವಣಿಯನ್ನೋ ಮರವನ್ನೋ ಗುರಿ ಮಾಡಿಕೊಳ್ಳೋದು ಇದೆಲ್ಲಕ್ಕಿಂತ ವಾಸಿ.

ಯಾಗಿಪ್ರಿಯ:

ಮೇಲಿನದಕ್ಕೆ ಸ್ವಲ್ಪ ತಕರಾರು. ಫಿಲಡೆಲ್ಫಿಯಾ ಕಡೆ ಬಯಲು, ಕೇಬಲ್ ಸೀದಾ ಒಂದೇ ಡಬ್ಬಕ್ಕೆ. ಅಲ್ಲಿ ಪ್ರೀಆಂಪ್ ಇಲ್ಲದೆಯೇ ಮೊದಲು ನೋಡಿ. ಟ್ಯೂನರಿನ ಪುಟದಲ್ಲಿ ಮೂರು ಅಂಕಿ ಬರ್ತವೆ: ಬಲ, ಗುಣಮಟ್ಟ, ಸಿಂಬಲ್ ಕ್ವಾಲಿಟಿ. ಕೊನೆಯದು 100ರಲ್ಲೇ ನಿಂತಿರಬೇಕು. ಬಲ 95, ಗುಣಮಟ್ಟ 50 ಅಂದ್ರೆ ಇನ್ನಷ್ಟು ಬಲ ಕೊಟ್ಟು ಉಪಯೋಗವಿಲ್ಲ, ಅದು ಪ್ರತಿಫಲನ ಅಥವಾ ಓವರ್‌ಲೋಡ್. 10 ಡಿಬಿಯ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸೋ ಬಿಲ್ಲೆ) ಒಂದನ್ನ ನಡುವೆ ಹಾಕಿ. ಗುಣಮಟ್ಟ ಏರಿದರೆ ಓವರ್‌ಲೋಡ್, ಏರದಿದ್ದರೆ ಪ್ರತಿಫಲನ ಅಂತ ತಿಳ್ಕೊಂಡು ಮಾಸ್ಟನ್ನ ಎರಡಡಿ ಆಚೀಚೆ ಸರಿಸಿ ನೋಡಿ.

7, 11, 12 ಮಾತ್ರ ಸಂಜೆ ಹೊತ್ತು ಒಡೆದರೆ ಆಂಟೆನಾ ಮುಟ್ಟೋಕೆ ಮುಂಚೆ ಮನೆಯ ಎಲ್‌ಇಡಿ ಬಲ್ಬುಗಳನ್ನ, ಚಾರ್ಜರುಗಳನ್ನ ಒಂದೊಂದಾಗಿ ಆರಿಸಿ. ವಿಎಚ್‌ಎಫ್‌ಗೆ ಅವುಗಳ ಗದ್ದಲ ತಾಗುತ್ತೆ, ಯುಎಚ್‌ಎಫ್‌ಗೆ ಅಷ್ಟು ತಾಗಲ್ಲ.

ಮೂರನೇಅಂಪೈರ್:

ಮನೆಯವರಿಗೆ ಮೊದಲೇ ಹೇಳಿಬಿಡಿ: ಕ್ರಿಕೆಟ್ ಆಂಟೆನಾದಲ್ಲಿ ಬರಲ್ಲ, ಕನ್ನಡ ಚಾನೆಲ್ಲೂ ಬರಲ್ಲ, ಅವಕ್ಕೆ ದುಡ್ಡು ಕೊಡೋದು ತಪ್ಪೋದಿಲ್ಲ. ಚಿತ್ರ ಮಾತ್ರ ಕೇಬಲ್‌ಗಿಂತ ಚೊಕ್ಕ ಇರುತ್ತೆ ಅನ್ನೋದು ಬಹುಮಟ್ಟಿಗೆ ನಿಜ. ಎಬಿಸಿ, ಫಾಕ್ಸ್ ಎರಡೂ 720ಪಿ; ಸಿಬಿಎಸ್, ಎನ್‌ಬಿಸಿ ಎರಡೂ 1080ಐ (ಚಿತ್ರದ ಗೆರೆಗಳ ಲೆಕ್ಕ). ಒಂದು ಆರ್‌ಎಫ್ ಚಾನೆಲ್‌ಗೆ ಸಿಗೋದು ಸೆಕೆಂಡಿಗೆ ಒಟ್ಟು 19.39 ಮೆಗಾಬಿಟ್, ಅದರಲ್ಲೇ ಉಪಚಾನೆಲ್‌ಗಳಿಗೂ ಪಾಲು.

ಕೇಬಲ್‌ಬೇಡ:

ಕೊನೇ ಪ್ರಶ್ನೆ. ಹಳೇ ಟಿವಿಗೂ ಒಮ್ಮೊಮ್ಮೆ ಫಿಲಡೆಲ್ಫಿಯಾ ಕೇಬಲ್ ಚುಚ್ಚಬೇಕಾದರೆ ಪ್ರತಿ ಸಲ ಸ್ಕ್ಯಾನ್ ಮಾಡಬೇಕಾ?

ಡೆಸಿಬೆಲ್‌ಲೆಕ್ಕ:

ಪೂರ್ತಿ ಸ್ಕ್ಯಾನ್ ಒತ್ತಬೇಡಿ, ಮುಂಚಿನ ಊರಿನ ಪಟ್ಟಿ ಅಳಿಸಿಹೋಗುತ್ತೆ. ಮೆನುವಿನಲ್ಲಿ ‘ಆ್ಯಡ್ ಚಾನೆಲ್’ ಇದ್ದರೆ ಅದನ್ನ ಬಳಸಿ. ಅದಿಲ್ಲದ ಟಿವಿಗಳಲ್ಲೂ ಕೆಲವಕ್ಕೆ ರಿಮೋಟಿನಲ್ಲಿ ಆರ್‌ಎಫ್ ನಂಬರ್, ಡ್ಯಾಷ್, 1 ಅಂತ ಒತ್ತಿದರೆ ನೇರ ಹೋಗ್ತವೆ. ಡಬ್ಲ್ಯುಎಚ್‌ವೈವೈಗೆ 13-1 ಒತ್ತಿ ನೋಡಿ, ಸಿಕ್ಕಿದ ಮೇಲೆ ಅದೇ 12-1 ಅಂತ ನೆನಪಿಟ್ಟುಕೊಳ್ಳುತ್ತೆ. ಆದರೆ ನಿಮ್ಮ ಪಟ್ಟಿಯಲ್ಲಿ ನ್ಯೂಯಾರ್ಕಿನ 13-1 ಆಗಲೇ ಕೂತಿರೋದರಿಂದ ಇಂಥ ಚಾನೆಲ್ ಈ ದಾರಿಯಲ್ಲಿ ತಕರಾರು ಮಾಡಬಹುದು. ಆಗ ‘ಆ್ಯಡ್ ಚಾನೆಲ್’ ಇಲ್ಲದ ಟಿವಿಯಲ್ಲಿ ಪೂರ್ತಿ ಸ್ಕ್ಯಾನ್ ಬಿಟ್ಟು ಬೇರೆ ದಾರಿ ಇಲ್ಲ.