ಮೇಸ್ತ್ರಿಯನ್ನು ಕೇಳಿ: ಹಳೇ ಕಾಂಟೆಸ್ಸಾಗೆ ತುಕ್ಕು, ಟಿಂಕರಿಂಗ್, ಪೇಂಟ್

ಪ್ರಶ್ನೆ (ಮಂಡ್ಯದಿಂದ):
ಮೇಸ್ತ್ರಿ, ನಮಸ್ಕಾರ. ದೊಡ್ಡಪ್ಪನವರ 1994ರ ಕಾಂಟೆಸ್ಸಾ ಕ್ಲಾಸಿಕ್ ಈಗ ನನ್ನ ಪಾಲಿಗೆ ಬಂದಿದೆ. ಇಸುಜು 1.8 ಪೆಟ್ರೋಲ್ ಇಂಜಿನ್. ಬ್ಯಾಟರಿ ಹಾಕಿದರೆ ಸ್ಟಾರ್ಟ್ ಆಗುತ್ತದೆ. ಆದರೆ ವರ್ಷಗಟ್ಟಲೆ ತೋಟದ ಮನೆ ಮುಂದೆ ಹುಣಸೆ ಮರದ ಕೆಳಗೆ ನಿಂತಿದ್ದ ಗಾಡಿ. ಬಾಗಿಲುಗಳ ತಳದಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಡ್ರೈವರ್ ಕಾಲಡಿ ಮ್ಯಾಟ್ ಒದ್ದೆ. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಮಳೆ ನೀರು ನಿಲ್ಲುತ್ತದೆ. ನಾನು ಈ ಕೆಲಸಕ್ಕೆ ತೀರಾ ಹೊಸಬ. ಗ್ರೈಂಡರ್, ಸಣ್ಣದೊಂದು ಕಂಪ್ರೆಸರ್ ಇವೆ. ಗುಳ್ಳೆ ಉಜ್ಜಿ, ಪುಟ್ಟಿ ಹಾಕಿ, ಪೇಂಟ್ ಹೊಡೆದರೆ ಸಾಕಲ್ವಾ? ಈಗ ಬಿಳಿ ಇದೆ, ಕಪ್ಪು ಮಾಡಬೇಕು ಅಂತ ಆಸೆ.

ಮೇಸ್ತ್ರಿ (ಮೈಸೂರು):
ಒಳ್ಳೆ ಗಾಡಿ ಸಿಕ್ಕಿದೆಯಪ್ಪಾ, ಬಿಡಬೇಡ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಬಾಡಿ ತಗೊಂಡು ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ಮಾಡಿದ ಕಾರು ಇದು. ಉದ್ದ ಬಾನೆಟ್, ಹಿಂದಿನ ಚಕ್ರಕ್ಕೆ ಪವರ್. ನಮ್ಮ ದೇಶದ ಮಸಲ್ ಕಾರ್ ಅಂತ ಜನ ಕರೆಯುವುದು ಸುಮ್ನೆ ಅಲ್ಲ.

ಗುಳ್ಳೆ ಉಜ್ಜಿ ಪುಟ್ಟಿ ಹಾಕಿದರೆ ಸಾಕಾ ಅಂದೆಯಲ್ಲ, ಸಾಲದು. ಬಣ್ಣ ಗುಳ್ಳೆ ಎದ್ದಿದೆ ಅಂದರೆ ತುಕ್ಕು ಒಳಗಿಂದ ಹೊರಗೆ ಬಂದಿದೆ ಅಂತ ಅರ್ಥ. ಮೇಲೆ ಎಷ್ಟೇ ಚೆನ್ನಾಗಿ ಉಜ್ಜಿದರೂ ಒಳಗಿನ ತುಕ್ಕು ಹಾಗೇ ಇರುತ್ತದೆ. ಒಂದೆರಡು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಎದ್ದು ಬರುತ್ತದೆ, ಪೇಂಟಿಗೆ ಹಾಕಿದ ದುಡ್ಡು ಹೋಯಿತು.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕು. ಹುಣಸೆ ಮರ ಅಂದೆಯಲ್ಲ, ನನ್ನ ಅನುಮಾನ ಅಲ್ಲೇ. ಹುಣಸೆ ಎಲೆ ಚಿಕ್ಕದು. ವೈಪರ್ ಕೆಳಗಿನ ಜಾಲರಿಯಲ್ಲಿ ನುಸುಳಿ ಒಳಗೆ ಬೀಳುತ್ತದೆ, ಕೊಳೆತು ಕಪ್ಪು ಗೊಬ್ಬರ ಆಗುತ್ತದೆ, ನೀರು ಇಳಿಯುವ ದಾರಿ ಮುಚ್ಚುತ್ತದೆ. ಆಮೇಲೆ ಆ ನೀರಿಗೆ ಉಳಿಯುವ ದಾರಿ ಡ್ರೈವರ್ ಕಾಲಡಿ. ಬಾಗಿಲಿನ ಕಥೆಯೂ ಅದೇ. ಗ್ಲಾಸ್ ಬೀಡಿಂಗ್ ದಾಟಿ ನೀರು ಬಾಗಿಲೊಳಗೆ ಇಳಿಯುವುದು ಮಾಮೂಲು, ಹೊರಗೆ ಹೋಗಲಿ ಅಂತಲೇ ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಆ ತೂತು ಕಟ್ಟಿಕೊಂಡರೆ ಬಾಗಿಲ ಮಡಿಕೆಯಲ್ಲಿ ನೀರು ನಿಂತು ತಗಡು ತಿನ್ನುತ್ತದೆ.

ಡಿಕ್ಕಿ ಪೂರ್ತಿ ಒಣಗಿಸಿ, ಒಳಗೆಲ್ಲ ಮುಖದ ಪೌಡರ್ ಉದುರಿಸು. ಮುಚ್ಚಿ, ಪೈಪಿನಲ್ಲಿ ಮೆಲ್ಲಗೆ ನೀರು ಬಿಡು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗು, ಟೇಲ್ ಲೈಟ್, ಡಿಕ್ಕಿ ಬೀಡಿಂಗ್, ಕೊನೆಗೆ ಹಿಂದಿನ ಗ್ಲಾಸ್ ರಬ್ಬರ್. ಪೌಡರ್ ಮೇಲೆ ನೀರಿನ ಗೆರೆ ಮೂಡುತ್ತದೆ. ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರುತ್ತಿದೆ.

ಆಮೇಲೆ ತುಕ್ಕು ಎಲ್ಲೆಲ್ಲಿದೆ ನೋಡು. ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆಲ್ಲ ಆಡಿಸು. ಹಿಡಿಯದೆ ಜಾರಿದ ಕಡೆ ಕೆಳಗೆ ದಪ್ಪ ಪುಟ್ಟಿ ಇದೆ, ಯಾರೋ ಹಿಂದೆ ಮುಚ್ಚಿ ಹೋಗಿದ್ದಾರೆ. ಫ್ಲೋರ್, ಬಾಗಿಲ ಕೆಳಗಿನ ಸಿಲ್, ಬ್ಯಾಟರಿ ತಟ್ಟೆ, ಚಕ್ರದ ಕಮಾನು ಇವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡು. ತೂತು ಬಿದ್ದರೆ ಬೀಳಲಿ, ಹೇಗೂ ಆ ತಗಡು ಹೋಗಿಯೇ ಇತ್ತು. ಚಾಕ್‌ಪೀಸಿನಲ್ಲಿ ಗುರುತು ಹಾಕಿ ಫೋಟೋ ತೆಗೆದಿಡು. ಪೇಂಟ್ ಅಂಗಡಿ ಕಡೆ ಈಗಲೇ ಹೋಗಬೇಡ.

ಪ್ರಶ್ನೆ (ಮಂಡ್ಯದಿಂದ):
ನೋಡಿದೆ ಮೇಸ್ತ್ರಿ. ನೀವು ಹೇಳಿದ ಹಾಗೇ ಜಾಲರಿ ಕೆಳಗೆ ಎಲೆ ಗೊಬ್ಬರ ಬೊಗಸೆಗಟ್ಟಲೆ ಸಿಕ್ಕಿತು. ಡ್ರೈವರ್ ಫ್ಲೋರ್‌ನಲ್ಲಿ ಅಂಗೈ ಅಗಲ ತೂತು. ಎಡಗಡೆ ಸಿಲ್ ಒತ್ತಿದರೆ ಪುಡಿ ಉದುರುತ್ತದೆ. ನಮ್ಮೂರಲ್ಲಿ ಗೇಟು, ಗ್ರಿಲ್ ಮಾಡುವವರ ಹತ್ತಿರ ವೆಲ್ಡಿಂಗ್ ಮಾಡಿಸಬಹುದಾ? ತಗಡು ಯಾವುದು ತರಲಿ?

ಮೇಸ್ತ್ರಿ:
ಗ್ರಿಲ್ ಮಾಡುವವರ ರಾಡ್ ವೆಲ್ಡಿಂಗ್ ಬೇಡ. ಕಾರಿನ ತಗಡು ಒಂದು ಮಿಲಿಮೀಟರ್ ಆಸುಪಾಸು. ರಾಡ್ ಇಟ್ಟರೆ ಇನ್ನೊಂದು ತೂತು ಬೀಳುತ್ತದೆ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಹಳೆ ಕೈಗಳು ಅದ್ಭುತ ಕೆಲಸ ಮಾಡುತ್ತಾರೆ, ಆದರೆ ಬಿಸಿ ಜಾಸ್ತಿ ಹರಡಿ ತಗಡು ಸೊಟ್ಟಾಗುತ್ತದೆ. ಹೊಸಬರಿಗೆ ಸಿಓಟು ವೆಲ್ಡಿಂಗೇ (ಗ್ಯಾಸ್ ಬಿಡುತ್ತಾ ತೆಳು ವೈರ್ ಕರಗಿಸಿ ಬೆಸೆಯುವುದು) ಸರಿ, 0.8 ಮಿಲಿಮೀಟರ್ ವೈರ್ ಹಾಕಿ. ಒಂದೇ ಗೆರೆ ಎಳೆಯಬಾರದು. ಇಲ್ಲೊಂದು ಚುಕ್ಕಿ, ಆ ತುದಿಗೊಂದು ಚುಕ್ಕಿ, ಮಧ್ಯೆ ಆರಲು ಬಿಡಬೇಕು. ತಗಡು 20 ಗೇಜ್ ದಪ್ಪದ ಸಿಆರ್ ಶೀಟ್ (ಲೇಪ ಇಲ್ಲದ ಉಕ್ಕಿನ ತಗಡು) ತಗೋ. ಸತು ಲೇಪಿಸಿದ ಜಿಐ ಶೀಟ್ ಬೇಡ, ಅದರ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ಫ್ಲೋರ್ ಪ್ಯಾಚ್ ನೀನೇ ಪ್ರಯತ್ನ ಮಾಡು. ಕಾರ್ಪೆಟ್ ಕೆಳಗೆ ಹೋಗುತ್ತದೆ, ಅಂದ ಚೆಂದ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ತೂತಿನ ಸುತ್ತ ಗಟ್ಟಿ ತಗಡು ಸಿಗುವ ತನಕ ಕತ್ತರಿಸು. ತುಕ್ಕಿನ ಅಂಚಿಗೆ ಹೊಸ ತಗಡು ಬೆಸೆಯಬೇಡ. ಬ್ಯಾಟರಿ ಕಳಚು. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡು, ಇದರಲ್ಲಿ ಸೋಮಾರಿತನ ಮಾಡಲೇಬಾರದು. ಗ್ಲಾಸ್ ಮೇಲೆ ದಪ್ಪ ಗೋಣಿ ಹೊದಿಸು. ಗ್ರೈಂಡರ್ ಕಿಡಿ ಗ್ಲಾಸಿಗೆ ಅಂಟಿದರೆ ಕಲೆ ಹೋಗುವುದಿಲ್ಲ.

ಸಿಲ್ ಮಾತ್ರ ತಗಡು ಕೆಲಸದಲ್ಲಿ ಅನುಭವ ಇರುವ ಟಿಂಕರ್ ಕೈಗೇ ಕೊಡು. ಲಾರಿಗೆ, ಹಳೇ ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ. ಕಾಂಟೆಸ್ಸಾಗೆ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸಿಲ್ ಕತ್ತರಿಸಿದ ಗಳಿಗೆಯಲ್ಲಿ ಗಾಡಿ ನಡುವೆ ಬಗ್ಗಬಹುದು. ಆಮೇಲೆ ಬಾಗಿಲು ಕೂರುವುದೇ ಇಲ್ಲ. ಕೆಲಸ ಕೊಡುವಾಗ ಕೇಳು: ಬಾಗಿಲ ಜಾಗಕ್ಕೆ ಅಡ್ಡ ಪೈಪ್ ಬೆಸೆಯುತ್ತೀರಾ, ಎರಡೂ ಸಿಲ್ ಒಟ್ಟಿಗೆ ಕತ್ತರಿಸುವುದಿಲ್ಲ ತಾನೆ, ಗಾಡಿ ಭಾರ ಆಕ್ಸಲ್ ಮೇಲೆ ಇರುತ್ತದಾ? ಇದಕ್ಕೆ ಸರಿಯಾಗಿ ಉತ್ತರ ಕೊಟ್ಟವರಿಗೆ ಗಾಡಿ ಬಿಡು.

ಪ್ರಶ್ನೆ (ಮೈಸೂರು, ಕುವೆಂಪುನಗರ):
ಸರ್, ನಾನೂ ಒಂದು ಹಳೇ ಪದ್ಮಿನಿ ಕಾರು ರಿಪೇರಿ ಮಾಡಿಸುತ್ತಿದ್ದೇನೆ. ನಮ್ಮ ಪೇಂಟರ್ ತಗಡಿನ ಮೇಲೆ ನೇರ ಪುಟ್ಟಿ ಹಾಕಿ, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜುತ್ತಾರೆ. ಅಂಗಡಿಯವರು ತುಕ್ಕು ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಚ್ಚಿ ಅಂತಾರೆ. ಯಾವುದು ಸರಿ?

ಮೇಸ್ತ್ರಿ:
ಮೇಡಂ, ಪುಟ್ಟಿ ನೀರು ಹೀರುತ್ತದೆ. ನಮ್ಮ ಕಡೆ ಎಷ್ಟೋ ಒಳ್ಳೆ ಗಾಡಿ ಹಾಳಾಗುವುದು ಇದರಿಂದಲೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ. ಉಜ್ಜುವಾಗ ಕುಡಿದ ನೀರು ಮೇಲೆ ಪ್ರೈಮರ್ ಬಿದ್ದ ಮೇಲೆ ಎಲ್ಲಿಗೆ ಹೋಗಬೇಕು? ಕೆಳಗೆ ತಗಡಿಗೇ ಇಳಿಯುತ್ತದೆ. ಪುಟ್ಟಿಯನ್ನು ಒಣಗಿದ ಪೇಪರಿನಲ್ಲೇ ಉಜ್ಜಬೇಕು. 80 ನಂಬರಿನಲ್ಲಿ ಆಕಾರ ತಂದು, 180ರಲ್ಲಿ ಮುಗಿಸಬೇಕು. ಬರಿ ಕೈಯಲ್ಲಿ ಉಜ್ಜಿದರೆ ಬೆರಳಿನ ಹಳ್ಳ ಬೀಳುತ್ತದೆ, ಕೆಳಗೆ ಮರದ ಪಟ್ಟಿ ಇಟ್ಟುಕೊಳ್ಳಿ. ನೀರು, ವಾಟರ್ ಪೇಪರ್ ಎಲ್ಲ ಮೇಲಿನ ಪ್ರೈಮರ್ ಪೂರ್ತಿ ಗಟ್ಟಿಯಾದ ಮೇಲೆ.

ನಾನು ಮಾಡುವುದು ಹೀಗೆ: ತಗಡು ಬೆಳ್ಳಗೆ ಬರುವ ತನಕ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಅದೇ ದಿನ ತಗಡಿಗೆ ನೀರು ತಾಗದಂತೆ ತಡೆಯುವ ಎಪಾಕ್ಸಿ ಪ್ರೈಮರ್. ಮಳೆಗಾಲದಲ್ಲಿ ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಕೆಂಪು ಮೂಡಿರುತ್ತದೆ. ಎಪಾಕ್ಸಿ ಒಣಗಿದ ಮೇಲೆ ಸ್ವಲ್ಪ ಗೀರಿ, ಅದರ ಮೇಲೆ ಪುಟ್ಟಿ. ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಬೇಕು ಅನಿಸಿದರೆ ಟಿಂಕರಿಂಗ್ ಸಾಲದು ಅಂತ ಅರ್ಥ, ಮತ್ತೆ ಸುತ್ತಿಗೆ, ಡೋಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿಯಬೇಕು. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಅದರ ಬಣ್ಣ ಮೇಲಿನ ಪೇಂಟಿಗೂ ಹತ್ತುತ್ತದೆ.

ಕನ್ವರ್ಟರ್ ಕೆಟ್ಟದ್ದೇನಲ್ಲ. ಉಜ್ಜಲು ಕೈ ಹೋಗದ ಸಣ್ಣ ಗುಳಿಗಳಿಗೆ ಸರಿ. ತೂತಾದ ತಗಡಿಗೆ ಅದು ಮದ್ದಲ್ಲ. ಆಸಿಡ್ ಇರುವುದಾದರೆ ಡಬ್ಬಿ ಮೇಲೆ ಬರೆದ ಹಾಗೆ ತೊಳೆದು ಒಣಗಿಸಿ. ಆಸಿಡ್ ಉಳಿದರೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ.

ಗುಂಪಿನ ಇನ್ನೊಬ್ಬರು (ಶ್ರೀರಂಗಪಟ್ಟಣ):
ಅಮೆರಿಕದಲ್ಲಿ ಹಳೇ ಫೋರ್ಡ್ ಮಸ್ಟಾಂಗ್ ಕಾರಿಗೆ ಫೆಂಡರ್, ಫ್ಲೋರ್ ಎಲ್ಲ ಹೊಸದಾಗಿ ಸಿಗುತ್ತವಂತೆ. ಕಾಂಟೆಸ್ಸಾಗೆ?

ಮೇಸ್ತ್ರಿ:
ಅಲ್ಲಿ 1960ರ ದಶಕದ ಮಸ್ಟಾಂಗಿಗೆ ಪೂರ್ತಿ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರೋಡಿನ ಅಂಗಡಿಗಳಲ್ಲಿ ಹುಡುಕಬೇಕು. ಸಿಗದಿದ್ದರೆ ಶೀಟ್ ಬಗ್ಗಿಸಿ ಮಾಡಿಸುವುದೇ. ಅದಕ್ಕೇ ಬಿಚ್ಚಿದ ಯಾವುದನ್ನೂ ಎಸೆಯಬೇಡಿ. ಕ್ರೋಮ್ ಪಟ್ಟಿ, ಕ್ಲಿಪ್ಪು, ಮುರಿದ ಬೀಡಿಂಗ್ ಕೂಡ ಅಳತೆಗೆ ಬೇಕಾಗುತ್ತದೆ. ಬೋಲ್ಟುಗಳನ್ನು ಕವರಿಗೆ ಹಾಕಿ ಹೆಸರು ಬರೆದಿಡಿ.

ಪ್ರಶ್ನೆ (ಮಂಡ್ಯದಿಂದ):
ಕೊನೆ ಪ್ರಶ್ನೆ ಮೇಸ್ತ್ರಿ. ಫೈನಲ್ ಪೇಂಟ್ ಮನೆ ಶೆಡ್ಡಿನಲ್ಲೇ ಹೊಡೆಯಲಾ? ಕಪ್ಪು ಬಣ್ಣದ ಬಗ್ಗೆ ನೀವು ಏನೂ ಹೇಳಲಿಲ್ಲ.

ಮೇಸ್ತ್ರಿ:
ಎಪಾಕ್ಸಿ ನೀನೇ ಹೊಡಿ, ಫಿಲ್ಟರ್ ಡಬ್ಬಿ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಂಡು, ಶೆಡ್ಡಿನ ಎರಡೂ ಕಡೆ ತೆರೆದು. ಫೈನಲ್ ಕೋಟ್ ಬೇಡ. ಈಗಿನ ಪಿಯು (ಪಾಲಿಯುರಿಥೇನ್) ಪೇಂಟಿನ ಹಾರ್ಡನರಿನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಜೀವನಪೂರ್ತಿ ಆಸ್ತಮಾ ಬರಬಹುದು. ಬಟ್ಟೆ ಮಾಸ್ಕ್ ಅದನ್ನು ತಡೆಯುವುದೇ ಇಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ನಿನ್ನ ಸಣ್ಣ ಕಂಪ್ರೆಸರಿಗೂ ಇಡೀ ಗಾಡಿಗೆ ಗಾಳಿ ಸಾಲದು. ಉಜ್ಜಿ, ಮಟ್ಟ ಮಾಡಿ, ಮಾಸ್ಕಿಂಗ್ (ಪೇಂಟ್ ಬೇಡದ ಕಡೆ ಪೇಪರ್ ಅಂಟಿಸುವುದು) ತನಕ ತಂದು ಪೇಂಟ್ ಬೂತ್ ಇರುವ ಕಡೆ ಹೊಡೆಸು. ಕೂಲಿಯೂ ಕಡಿಮೆಯಾಗುತ್ತದೆ.

ಕಪ್ಪು ಬಹಳ ಕಷ್ಟದ ಬಣ್ಣ. ಬಿಳಿಯಲ್ಲಿ ಕಾಣದ ಸಣ್ಣ ಅಲೆ ಕೂಡ ಕಪ್ಪಿನಲ್ಲಿ ಟ್ಯೂಬ್‌ಲೈಟ್ ಬೆಳಕಿಗೆ ಎದ್ದು ಕಾಣುತ್ತದೆ. ಬಾಗಿಲ ಒಳ ಅಂಚು, ಡಿಕ್ಕಿ ಒಳಗು, ಇಂಜಿನ್ ಸುತ್ತ ಎಲ್ಲ ಬದಲಾಯಿಸಬೇಕು. ಆರ್‌ಸಿಯಲ್ಲಿ ಬಿಳಿ ಅಂತ ಇದ್ದರೆ ಆರ್‌ಟಿಓಗೆ ತಿಳಿಸಿ ತಿದ್ದಿಸಬೇಕು. ನಿನ್ನ ಗಾಡಿಗೆ ಹದಿನೈದು ವರ್ಷ ದಾಟಿದೆ, ಆರ್‌ಸಿ ರಿನ್ಯೂವಲ್ ಆಗಿದೆಯಾ ಅದನ್ನೂ ನೋಡಿಕೋ. ನನ್ನನ್ನು ಕೇಳಿದರೆ ಮೊದಲ ಗಾಡಿಗೆ ಬಿಳಿಯೇ ಇರಲಿ.

ಪೇಂಟ್ ಆದ ಮೇಲೆ ಬಾಗಿಲೊಳಗೆ, ಸಿಲ್ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಸು, ತಳದ ತೂತು ಮಾತ್ರ ಮುಚ್ಚದ ಹಾಗೆ ನೋಡಿಕೋ. ಸಿಲ್ ಕೆಲಸ ಶುರುವಾಗುವ ಮುಂಚೆ ಬಾಗಿಲ ಸಂದು ನಾಲ್ಕೂ ಕಡೆ ಅಳೆದು ಇಲ್ಲಿ ಹಾಕು. ನೋಡಿ ಹೇಳುತ್ತೇನೆ.