‘ಪ್ಯಾನಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬಹುದು? (ಸೈಕಲ್ ಸ್ಪರ್ಧೆಯ ಛಾಯಾಗ್ರಹಣ)

ಪ್ರಶ್ನೆ:

ಬಳಗದ ಎಲ್ಲರಿಗೂ ನಮಸ್ಕಾರ. ರಸ್ತೆ ಸೈಕಲ್ ಸ್ಪರ್ಧೆಗಳ ಛಾಯಾಗ್ರಹಣವನ್ನು ಕುರಿತ ಕಿರು ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕಾಗಿದೆ. ‘ಪ್ಯಾನಿಂಗ್’ ಎಂಬ ಪದದ ಬಳಿ ಕೆಲಸ ನಿಂತುಬಿಟ್ಟಿದೆ. ಸವಾರನು ನಮ್ಮ ಮುಂದೆ ಅಡ್ಡಹಾದು ಹೋಗುವಾಗ ಕ್ಯಾಮೆರಾವನ್ನು ಅವನ ವೇಗಕ್ಕೆ ಸರಿಯಾಗಿ ತಿರುಗಿಸುತ್ತಲೇ, ಸೆಕೆಂಡಿನ 1/30 ಅಥವಾ 1/60 ಭಾಗದಷ್ಟು ಕಾಲ ಷಟರ್ ತೆರೆದು ಚಿತ್ರ ತೆಗೆಯುವ ವಿಧಾನವಿದು. ಸವಾರನು ಸ್ಪಷ್ಟವಾಗಿ ಮೂಡುತ್ತಾನೆ, ಹಿಂದಿನ ಮರ, ಗೋಡೆ, ಜನ ಎಲ್ಲವೂ ಅಡ್ಡಗೆರೆಗಳಾಗಿ ಹರಡಿಕೊಳ್ಳುತ್ತವೆ. ‘ಅನುಚಲನ’, ‘ಬೀಸುನೋಟ’, ‘ಹೊರಳುನೋಟ’ ಎಂಬ ಮೂರನ್ನೂ ಬರೆದು ಹೊಡೆದುಹಾಕಿದ್ದೇನೆ. ಜೊತೆಗೆ ‘ಪೆಲೋಟಾನ್’ (ಒತ್ತಾಗಿ ಕೂಡಿ ಸಾಗುವ ಸವಾರರ ಮುಖ್ಯ ಗುಂಪು), ‘ಎಶಲಾನ್’ (ಅಡ್ಡಗಾಳಿಯಲ್ಲಿ ಸವಾರರು ಕಟ್ಟುವ ಓರೆಸಾಲು) ಎಂಬ ಎರಡಕ್ಕೂ ಪದ ಸೂಚಿಸಿದರೆ ಉಪಕಾರವಾಗುತ್ತದೆ.

ಉತ್ತರ 1:

‘ಪ್ಯಾನಿಂಗ್’ ಎಂದೇ ಬರೆಯಿರಿ. ಕ್ಯಾಮೆರಾ, ಷಟರ್, ಸೈಕಲ್ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡವರು ಇದೊಂದಕ್ಕೆ ಮಾತ್ರ ಪದ ಹೊಸೆಯುವುದರಲ್ಲಿ ಅರ್ಥವಿಲ್ಲ.

ಉತ್ತರ 2:

ಮೇಲಿನ ಮಾತನ್ನು ನಾನು ಒಪ್ಪಲಾರೆ. ಕ್ಯಾಮೆರಾ ಒಂದು ವಸ್ತು. ಅದು ಬರುವಾಗಲೇ ತನ್ನ ಹೆಸರನ್ನು ಹೊತ್ತು ತಂದಿತು. ಇಲ್ಲಿ ಹೆಸರಿಸಬೇಕಾಗಿರುವುದು ಮೈಯಿಂದ ಮಾಡುವ ಒಂದು ಕ್ರಿಯೆಯನ್ನು. ಕ್ರಿಯೆಗೆ ಇಟ್ಟ ಹೆಸರು ಆ ಕ್ರಿಯೆಯನ್ನು ಕಣ್ಣಿಗೆ ಕಟ್ಟಿಸದಿದ್ದರೆ ಕೈಪಿಡಿ ಓದಿದವನಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ.

‘ಪ್ಯಾನ್’ ಎಂಬುದು ‘ಪನೋರಮಾ’ದ ಮೊಟಕು ರೂಪ. 1787ರಲ್ಲಿ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು ನೋಡುಗರ ಸುತ್ತಲೂ ದುಂಡಗೆ ಆವರಿಸುವ ಬೃಹತ್ ಚಿತ್ರಗಳಿಗೆ ಪೇಟೆಂಟ್ ಪಡೆದನು. ಅವುಗಳಿಗೆ ಕೆಲವೇ ವರ್ಷಗಳಲ್ಲಿ ಗ್ರೀಕ್ ಮೂಲದ ಈ ಹೆಸರು ನಿಂತಿತು. ಅದರ ಅರ್ಥ ‘ಎಲ್ಲವನ್ನೂ ಕಾಣುವುದು’. ಸಿನಿಮಾದಲ್ಲಿ ಕ್ಯಾಮೆರಾ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಟ ಹಾಯಿಸುವಾಗ ಆ ಅರ್ಥ ಸರಿಹೊಂದುತ್ತದೆ. ಸೈಕಲ್ ಸ್ಪರ್ಧೆಯಲ್ಲಿ ನಡೆಯುವುದು ಇದಕ್ಕೆ ಪೂರ್ತಿ ವಿರುದ್ಧವಾದದ್ದು: ಉಳಿದೆಲ್ಲವನ್ನೂ ಕಾಣದಂತೆ ಅಳಿಸಿ, ಒಬ್ಬನನ್ನು ಮಾತ್ರ ಉಳಿಸಿಕೊಳ್ಳುವುದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿದೆ ಎಂದ ಮಾತ್ರಕ್ಕೆ ನಾವೂ ಎರಡನ್ನು ಬೆರೆಸಬೇಕಾಗಿಲ್ಲ.

ಈಗ ತಾವು ಹೊಡೆದುಹಾಕಿದ ಪದಗಳನ್ನು ನೋಡೋಣ. ‘ಅನು’ ಎಂದರೆ ಹಿಂದಿನಿಂದ ಬರುವುದು. ಛಾಯಾಗ್ರಾಹಕನು ಯಾರ ಹಿಂದೆಯೂ ಹೋಗುವುದಿಲ್ಲ, ಪಾದ ಕದಲಿಸದೆ ಸೊಂಟದಿಂದ ಮೇಲಷ್ಟೇ ತಿರುಗುತ್ತಾನೆ. ‘ಬೀಸುನೋಟ’ ಸಿನಿಮಾದವರಿಗೆ ಇರಲಿ. ‘ಹೊರಳುನೋಟ’ ಎಂದರೆ ಓದುಗರು ಕಳೆದ ವರ್ಷದ ಘಟನೆಗಳ ಅವಲೋಕನ ಎಂದುಕೊಳ್ಳುತ್ತಾರೆ. ನನ್ನ ಸೂಚನೆ ‘ಒಡಹೊರಳು’. ‘ಒಡಹುಟ್ಟು’, ‘ಒಡನಾಡು’ ಎಂಬಲ್ಲಿರುವ ‘ಒಡ’ವೇ ಇಲ್ಲಿಯೂ ಇದೆ. ಕೂಡಿ ನಡೆಯುವುದು ಎಂಬ ಭಾವ ಅದರಲ್ಲಿದೆ, ಹಿಂಬಾಲಿಸುವ ಭಾವವಿಲ್ಲ. ‘ಒಡಹೊರಳಿ ತೆಗೆದ ಚಿತ್ರ’ ಎಂದು ಕ್ರಿಯಾಪದವಾಗಿಯೂ ಅದು ನಡೆಯುತ್ತದೆ. ‘ಪ್ಯಾನಿಂಗ್ ಮಾಡಿ’ ಎಂದು ‘ಮಾಡು’ವನ್ನು ಊರುಗೋಲಾಗಿ ಕೊಡಬೇಕಾಗಿಲ್ಲ.

ಅನುವಾದದಲ್ಲಿ ‘ಷಟರ್ ವೇಗ’ ಎಂದಿದ್ದರೆ ದಯವಿಟ್ಟು ಅದನ್ನೂ ತೆಗೆಯಿರಿ. 1/30 ಎಂಬುದು ವೇಗವಲ್ಲ, ಷಟರ್ ತೆರೆದಿರುವ ಅವಧಿ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನು ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಸಾಗುತ್ತಾನೆ. 1/1000 ಸೆಕೆಂಡಿನಲ್ಲಿ ಒಂದೂಕಾಲು ಸೆಂಟಿಮೀಟರಿನಷ್ಟು ಮಾತ್ರ ಸರಿಯುತ್ತಾನೆ, 1/30 ಸೆಕೆಂಡಿನಲ್ಲಿ ಸುಮಾರು 42 ಸೆಂಟಿಮೀಟರ್. ಅಷ್ಟರಲ್ಲಿ ಗಾಲಿಯೂ ಒಂದು ಸುತ್ತಿನ ಐದನೆಯ ಒಂದು ಭಾಗ ತಿರುಗಿರುತ್ತದೆಯಾದ್ದರಿಂದ ಸವಾರನ ಮುಖ ಸ್ಪಷ್ಟವಾಗಿದ್ದರೂ ಗಾಲಿಯ ಕಡ್ಡಿಗಳು ಕರಗಿಹೋಗುತ್ತವೆ. ಇದನ್ನು ‘ಅವಧಿ’ ಎಂದು ಓದಿದವನು ತಾನೇ ಲೆಕ್ಕ ಹಾಕಿಕೊಳ್ಳಬಲ್ಲನು. ‘ವೇಗ’ ಎಂದು ಓದಿದವನು ಯಾವುದರ ವೇಗವೆಂದು ತಿಳಿಯದೆ ನಿಲ್ಲುತ್ತಾನೆ. ಹಾಗೆಯೇ ಹಿನ್ನೆಲೆಗೆ ‘ಮಸುಕು’ ಎನ್ನಬೇಡಿ. ಫೋಕಸ್ ತಪ್ಪಿದ್ದು ಮಸುಕು, ಚಲನೆಯಿಂದ ಗೆರೆಗೆರೆಯಾಗಿ ಎಳೆದುಕೊಂಡದ್ದು ಬೇರೆ. ಅದಕ್ಕೆ ‘ಎಳೆತ’ ಎಂದರೆ ಸಾಕು.

ಉತ್ತರ 3:

‘ಸೈಕಲ್’ ಎಂಬುದೇ ಬೇಕಾಗಿಲ್ಲ, ‘ತುಳಿಬಂಡಿ’ ಎನ್ನಿರಿ. ಬುಡದಲ್ಲಿಯೇ ಎರವಲು ಪದವನ್ನಿಟ್ಟುಕೊಂಡು ಕೊಂಬೆಗೆ ಕನ್ನಡ ಕಟ್ಟುವುದು ಸರಿಯಲ್ಲ.

ಉತ್ತರ 2 ಬರೆದವರಿಂದ:

‘ರಸ್ತೆ’, ‘ಸವಾರ’ ಎರಡೂ ಪಾರಸಿಯಿಂದ ಬಂದವು, ಅವುಗಳನ್ನೂ ತೆಗೆಯುವಿರಾ? ‘ಸೈಕಲ್’ ಪದದ ಹಿಂದಿರುವ ಗ್ರೀಕಿನ ‘ಕುಕ್ಲೋಸ್’ ಮತ್ತು ಸಂಸ್ಕೃತದ ‘ಚಕ್ರ’ ಒಂದೇ ಮೂಲದಿಂದ ಕವಲೊಡೆದವು, ಆ ‘ಚಕ್ರ’ವನ್ನು ನಾವು ಎಂದೋ ನಮ್ಮದಾಗಿಸಿಕೊಂಡಿದ್ದೇವೆ. ಜನರ ನಾಲಗೆಯಲ್ಲಿ ಬೇರೂರಿದ ಪದವನ್ನು ಕಿತ್ತುಹಾಕುವುದು ಒಂದು ಕೆಲಸ, ಹೆಸರೇ ಇಲ್ಲದ ಕ್ರಿಯೆಗೆ ಹೆಸರಿಡುವುದು ಮತ್ತೊಂದು. ಈ ಕೈಪಿಡಿಗೆ ಬೇಕಾಗಿರುವುದು ಎರಡನೆಯದು.

ಉತ್ತರ 4:

ಸ್ಪರ್ಧೆಗಳ ಚಿತ್ರ ತೆಗೆಯುವವನಾಗಿ ಒಂದು ಆಕ್ಷೇಪ ಹೇಳುತ್ತೇನೆ. ‘ಹೊರಳು’ ಎಂದಾಗ ಮಗ್ಗುಲು ಬದಲಿಸುವುದು, ಉರುಳುವುದು ನೆನಪಿಗೆ ಬರುತ್ತದೆ. ಕ್ಯಾಮೆರಾ ಮಗ್ಗುಲಿಗೆ ವಾಲಿದರೆ ರಸ್ತೆ ಓರೆಯಾಗಿ, ಎಳೆತದ ಗೆರೆಗಳೂ ಓರೆಯಾಗಿ, ಚಿತ್ರ ಕೆಡುತ್ತದೆ. ಹೊಸಬರು ಮಾಡುವ ಮುಖ್ಯ ತಪ್ಪೇ ಅದು. ತಪ್ಪನ್ನೇ ವಿಧಾನದ ಹೆಸರಾಗಿ ಇಡಬಾರದು. ‘ಒಡತಿರುಗು’ ಎಂದರೆ ನನ್ನ ಆಕ್ಷೇಪವಿಲ್ಲ. ಪದ ಯಾವುದೇ ಇರಲಿ, ಷಟರ್ ಮುಚ್ಚಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು ಎಂಬ ವಾಕ್ಯ ಕೈಪಿಡಿಯಲ್ಲಿ ಇರಲೇಬೇಕು. ಜೊತೆಗೆ, ಸವಾರರಿಂದ 5 ಮೀಟರ್ ದೂರದಲ್ಲಿ ನಿಂತವನು 15 ಮೀಟರ್ ದೂರದಲ್ಲಿ ನಿಂತವನಿಗಿಂತ ಮೂರು ಪಟ್ಟು ಬೇಗ ತಿರುಗಬೇಕಾಗುತ್ತದೆ ಎಂಬುದನ್ನೂ ಸೇರಿಸಿ. ತಿರುವಿನ ಒಳಮಗ್ಗುಲಲ್ಲಿ ನಿಂತರೆ ಸವಾರರಿಗೂ ನಮಗೂ ಇರುವ ದೂರ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಫೋಕಸ್ ತಪ್ಪುವುದು ಕಡಿಮೆ.

‘ಪೆಲೋಟಾನ್’ಗೆ ‘ಹಿಂಡು’ ಎಂದು ಯಾರಾದರೂ ಸೂಚಿಸುವ ಮೊದಲೇ ಬೇಡವೆನ್ನುತ್ತೇನೆ. ಅದು ಕುರಿಗಳಿಗೆ ಒಪ್ಪುವ ಮಾತು.

ಉತ್ತರ 2 ಬರೆದವರಿಂದ:

‘ಹೊರಳು’ ಕುರಿತ ಆಕ್ಷೇಪ ಸರಿಯಾಗಿದೆ. ನನ್ನ ಸೂಚನೆಯನ್ನು ಹಿಂದಕ್ಕೆ ಪಡೆದು ‘ಒಡತಿರುಗು’ವನ್ನು ಒಪ್ಪುತ್ತೇನೆ.

‘ಪೆಲೋಟಾನ್’ ಫ್ರೆಂಚಿನಲ್ಲಿ ಚೆಂಡು, ಉಂಡೆ ಎಂಬ ಅರ್ಥದ ಪದದಿಂದ ಬಂದದ್ದು. ಸೈನ್ಯದ ‘ಪ್ಲಟೂನ್’ ಕೂಡ ಅದೇ ಪದ. ಇಟಲಿಯವರು ಅದನ್ನು ಎರವಲು ಪಡೆಯದೆ ತಮ್ಮ ಮಾತಿನಲ್ಲಿ ‘ಗುಂಪು’ ಎಂದೇ ಕರೆಯುತ್ತಾರೆ. ನಮಗೆ ‘ದಂಡು’ ಇದೆ. ಸೈನ್ಯಕ್ಕೂ ಸಲ್ಲುತ್ತದೆ, ಜನಸಮೂಹಕ್ಕೂ ಸಲ್ಲುತ್ತದೆ.

‘ಎಶಲಾನ್’ ಪದದ ಮೂಲ ಫ್ರೆಂಚಿನ ‘ಏಣಿ’. ಅಡ್ಡಗಾಳಿ ಬೀಸುವಾಗ ಸವಾರರು ಒಬ್ಬರ ಮರೆಯಲ್ಲಿ ಒಬ್ಬರು ರಸ್ತೆಯ ಅಗಲಕ್ಕೆ ಓರೆಯಾಗಿ ಸಾಲುಗಟ್ಟುವುದನ್ನು ಇಂಗ್ಲಿಷಿನವರು ಹೀಗೆ ಕರೆದರೂ ಫ್ರೆಂಚರು ‘ಎವಾಂತಾಯ್’ ಎನ್ನುತ್ತಾರೆ, ಡಚ್ಚರು ‘ವಾಯರ್’ ಎನ್ನುತ್ತಾರೆ. ಎರಡಕ್ಕೂ ಅರ್ಥ ಬೀಸಣಿಗೆ. ಎತ್ತರದಿಂದ ತೆಗೆದ ಚಿತ್ರದಲ್ಲಿ ಅದು ಬಿಡಿಸಿದ ಬೀಸಣಿಗೆಯಂತೆಯೇ ಕಾಣುತ್ತದೆ. ‘ಬೀಸಣಿಗೆ ಸಾಲು’ ಎಂದು ಬರೆಯಿರಿ.

ಉತ್ತರ 1 ಬರೆದವರಿಂದ:

‘ಒಡತಿರುಗು’ ಎಂಬ ಪದವನ್ನು ಬಳಗದ ಹೊರಗೆ ಯಾರೂ ಆಡುವುದಿಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ‘ಪ್ಯಾನಿಂಗ್’ ಎಂದು ಈಗಾಗಲೇ ಬಲ್ಲವರಿಗಾಗಿ ಆ ಪದವನ್ನು ಒಮ್ಮೆ ಮಾತ್ರ ಹೇಳಿ, ಮುಂದೆ ಕನ್ನಡ ಪದವನ್ನೇ ಬಳಸಿದ್ದೇನೆ. ಅಚ್ಚಿಗೆ ಕಳುಹಿಸಿರುವ ಭಾಗ ಹೀಗಿದೆ: “ಛಾಯಾಗ್ರಾಹಕರು ಪ್ಯಾನಿಂಗ್ ಎಂದು ಕರೆಯುವ ಈ ವಿಧಾನವನ್ನು ಇಲ್ಲಿ ಒಡತಿರುಗು ಎಂದಿದ್ದೇವೆ. ಪಾದಗಳನ್ನು ಊರಿ ನಿಂತು, ದಂಡಿನಿಂದ ಬೇರ್ಪಟ್ಟು ಬರುತ್ತಿರುವ ಸವಾರನನ್ನು ದೂರದಲ್ಲಿಯೇ ಚೌಕಟ್ಟಿನೊಳಗೆ ಹಿಡಿದು, ಅವನು ನಿಮ್ಮನ್ನು ಹಾದುಹೋಗುವವರೆಗೂ ಸೊಂಟದಿಂದ ಒಡತಿರುಗಿ. ಷಟರ್ ತೆರೆದಿರುವ ಅವಧಿ 1/60 ಸೆಕೆಂಡಿನಿಂದ ಆರಂಭವಾಗಲಿ, ಕೈ ಪಳಗಿದ ಮೇಲೆ 1/30ಕ್ಕೆ ಹೋಗಿ. ಷಟರ್ ಮುಚ್ಚಿದ ಮೇಲೂ ತಿರುಗುತ್ತಿರಿ.”