ಬೆಲ್ಲದ ಕಾಫಿ ಬಿಟ್ಟು ಜೇನು ಹಾಕಿದ್ರೆ ಹಲ್ಲಿನ ಜೀವಕೋಶ ಉಳಿಯುತ್ತಾ?

ಕಾಫಿಕಣ_ಸಿದ್ದಾಪುರ:
ಕೊಯ್ಲಿನ ಟೈಮು. ಕಣದಲ್ಲಿ ನಿಂತ್ರೆ ಬೆಳಗ್ಗೆಯಿಂದ ಸಂಜೆವರೆಗೆ ಫ್ಲಾಸ್ಕ್ ಪಕ್ಕದಲ್ಲೇ, ಬೆಲ್ಲದ ಕರಿಕಾಫಿ ಗುಟುಕು ಗುಟುಕಾಗಿ. ಡೆಂಟಲ್ ಓದೋ ಅಕ್ಕನ ಮಗಳು ಬಂದಿದ್ಲು. ಗ್ಲೂಕೋಸ್ ಜಾಸ್ತಿಯಾದ್ರೆ ಹಲ್ಲಿನ ತಿರುಳಿನ ಜೀವಕೋಶ ಬೆಳೆಯೋದು ಕಮ್ಮಿಯಾಗುತ್ತಂತೆ, "ಮಾವ, ಬೆಲ್ಲ ಬಿಡಿ" ಅಂದ್ಲು. ಜೇನಲ್ಲಿ ಫ್ರಕ್ಟೋಸ್ ಅನ್ನೋ ಬೇರೆ ಸಕ್ಕರೆಯೇ ಜಾಸ್ತಿ ಅಲ್ವಾ, ಅದಾದ್ರೆ ಪರವಾಗಿಲ್ವಾ? ನನಗೆ ಶುಗರ್ ಇಲ್ಲ, ಅಪ್ಪನಿಗಿದೆ. ನನ್ನ ಒಂದು ದವಡೆಹಲ್ಲು ತಣ್ಣೀರಿಗೆ ಜುಮ್ ಅನ್ನುತ್ತೆ.

ಜೇನುಪೆಟ್ಟಿಗೆ_ಭಾಗಮಂಡಲ:
ಜೇನು ಬೇಕಾದ್ರೆ ನಾನು ಕೊಡ್ತೀನಿ. ಕುದಿಯೋ ಕಾಫಿಗೆ ಸುರಿದು ಹಾಳುಮಾಡ್ಬೇಡಿ ಅಷ್ಟೇ.

ಲ್ಯಾಬಕ್ಕ_ವಿರಾಜಪೇಟೆ:
ನಾನು ಇಂಥ ಜೀವಕೋಶ ಬೆಳೆಸೋ ಲ್ಯಾಬಲ್ಲೇ ಇದ್ದವಳು. ಹುಡುಗಿ ಹೇಳಿದ್ದು ಸರಿ, ಆದ್ರೆ ಅದು ಲೋಟದ ಸಕ್ಕರೆ ಮಾತಲ್ಲ, ರಕ್ತದ ಸಕ್ಕರೆ ಮಾತು.

ಕಿತ್ತ ಬುದ್ಧಿಹಲ್ಲನ್ನ ಸೀಳಿದ್ರೆ ಒಳಗೆ ನಸುಗೆಂಪು ಎಳೆಯಂಥ ತಿರುಳು ಸಿಗುತ್ತೆ. ಅದರ ಕೋಶಗಳನ್ನ ಬಿಡಿಸಿ ಪೋಷಕ ದ್ರವದಲ್ಲಿ ಇಡ್ತಾರೆ. ಒಂದು ತಟ್ಟೆಯಲ್ಲಿ ಗ್ಲೂಕೋಸ್ 5.5 ಮಿಲಿಮೋಲ್, ನಿಮ್ಮ ರಕ್ತಪರೀಕ್ಷೆ ಲೆಕ್ಕದಲ್ಲಿ ಸುಮಾರು 100. ಇನ್ನೊಂದರಲ್ಲಿ 25, ಅಂದ್ರೆ 450! ಹಲವು ಪ್ರಯೋಗಗಳಲ್ಲಿ ಈ ಎರಡನೇ ತಟ್ಟೆಯ ಕೋಶಗಳು ನಿಧಾನವಾಗಿ ಹೆಚ್ಚಿವೆ. (ತಮಾಷೆ ಏನಂದ್ರೆ, ಲ್ಯಾಬಲ್ಲಿ ಮಾಮೂಲಾಗಿ ಬಳಸೋ ಒಂದು ದ್ರವದಲ್ಲೇ 25 ಇರುತ್ತೆ. ಯಾವುದಕ್ಕೆ ಹೋಲಿಸಿದ್ದಾರೆ ಅಂತ ನೋಡದೆ ನಾನಂತೂ ಇಂಥ ಫಲಿತಾಂಶ ನಂಬಲ್ಲ.) ಬೆಲ್ಲದ ಕಾಫಿ ಕುಡಿದು ಶುಗರ್ ಇಲ್ಲದವರ ರಕ್ತ 450ಕ್ಕೆ ಹೋಗಲ್ಲ. ತಿಂದ ಫ್ರಕ್ಟೋಸನ್ನೂ ಕರುಳು, ಲಿವರ್ರೇ ಬಹುಪಾಲು ಹಿಡ್ಕೊಳ್ತವೆ, ಹಲ್ಲಿನವರೆಗೆ ಬರೋದು ಚೂರುಪಾರು.

ಬಾಯಲ್ಲಿ ನಡೆಯೋದೇ ಬೇರೆ. ಹೊರಗಿನ ಎನಾಮೆಲ್‌ನಲ್ಲಿ ಜೀವಕೋಶವೇ ಇಲ್ಲ, ಕರಗಿ ಗುಂಡಿಬಿದ್ದರೆ ಮತ್ತೆ ಬೆಳೆಯಲ್ಲ. ಬ್ಯಾಕ್ಟೀರಿಯಾ ಬೆಲ್ಲದ ಸುಕ್ರೋಸನ್ನೂ ತಿಂತವೆ, ಜೇನಿನ ಫ್ರಕ್ಟೋಸನ್ನೂ ತಿಂತವೆ, ಆಮ್ಲ ಬಿಡ್ತವೆ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದ್ರೆ ಎನಾಮೆಲ್ ಕರಗೋಕೆ ಶುರು. ಜೇನು ತಾನೇ ಹುಳಿ, ಪಿಎಚ್ 4ರ ಆಸುಪಾಸು. ಎಂಜಲು ಬಾಯಿಯ ಹುಳಿಯನ್ನ ಸರಿಮಾಡೋಕೆ ಅರ್ಧ ಗಂಟೆಯಾದ್ರೂ ಬೇಕು, ನೀವು ಅಷ್ಟರಲ್ಲಿ ಇನ್ನೊಂದು ಗುಟುಕು. ಬೆಲ್ಲವೋ ಜೇನೋ ಅಲ್ಲ, ಫ್ಲಾಸ್ಕೇ ತಕರಾರು. ತಿಂಡಿ ಜೊತೆ ಕುಡಿದು ಮುಗಿಸಿ, ಮಧ್ಯೆ ಬೇಕೆಂದ್ರೆ ಸಪ್ಪೆ ಕಾಫಿ.

ತಟ್ಟೆಯ ಕಥೆ ಅನ್ವಯಿಸೋದಾದ್ರೆ ನಿಮ್ಮ ಅಪ್ಪನಿಗೆ. ಶುಗರ್ ಹತೋಟಿಯಲ್ಲಿಲ್ಲದವರಿಗೆ ವಸಡಿನ ಕಾಯಿಲೆ ಜಾಸ್ತಿ, ಹಲ್ಲು ಕೀಳಿಸಿದ ಗಾಯ ಮಾಗೋದೂ ತಡ. ಅವರ ಮೂರು ತಿಂಗಳ ಸರಾಸರಿ ಶುಗರ್, ಎಚ್‌ಬಿಎ1ಸಿ, ಎಷ್ಟಿದೆ ನೋಡಿಸಿ.

ಕಾಫಿಕಣ_ಸಿದ್ದಾಪುರ:
ಸಪ್ಪೆ ಕಾಫಿ ನನ್ನ ಕೈಲಾಗಲ್ಲ ಅಕ್ಕಾ. ಸಕ್ಕರೆ ಬದಲಿಗೆ ಹಾಕೋ ಸಿಹಿ, ಕ್ಸೈಲಿಟಾಲ್ ಅಂತ ಒಂದು ಬರುತ್ತಲ್ಲ?

ಲ್ಯಾಬಕ್ಕ_ವಿರಾಜಪೇಟೆ:
ಅದರಿಂದ ಆ ಬ್ಯಾಕ್ಟೀರಿಯಾಕ್ಕೆ ಆಮ್ಲ ಮಾಡೋಕಾಗಲ್ಲ, ನಿಜ. 1970ರ ದಶಕದಲ್ಲೇ ಫಿನ್‌ಲ್ಯಾಂಡಿನ ಟುರ್ಕುವಿನಲ್ಲಿ ಪರೀಕ್ಷೆ ಮಾಡಿದ್ದರು. ಜಾಸ್ತಿ ತಿಂದ್ರೆ ಹೊಟ್ಟೆ ಕೆಡುತ್ತೆ. ತೋಟದ ಮನೆ ಅಂದ್ಮೇಲೆ ನಾಯಿ ಇದ್ದೇ ಇರುತ್ತೆ, ಅದಕ್ಕೆ ಸಿಗೋ ಹಾಗೆ ಮಾತ್ರ ಇಡ್ಬೇಡಿ. ಸ್ವಲ್ಪ ತಿಂದ್ರೂ ರಕ್ತದ ಸಕ್ಕರೆ ಧೊಪ್ಪನೆ ಇಳಿದು ಸಾಯಬಹುದು. ಆ ಜುಮ್ ಅನ್ನೋ ಹಲ್ಲನ್ನ ಕೊಯ್ಲು ಮುಗೀಲಿ ಅಂತ ಕಾಯದೆ ತೋರಿಸಿ.